ಸಿಲ್ವರ್‌ಲಾಕ್ ಓದಬೇಕಾ, ಬೇಡವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕಾದಂಬರಿಯ ಮಾತು ತೆಗೆದರೆ ಸಾಮಾನ್ಯವಾಗಿ ಎರಡು ಥರದ ಜನ ಸಿಗುತ್ತಾರೆ. ಒಬ್ಬರು ಇದನ್ನು ವರ್ಷಕ್ಕೊಮ್ಮೆ ಓದುವವರು. ಇನ್ನೊಬ್ಬರು ಐವತ್ತು ಪುಟಕ್ಕೆ ಮಡಚಿಟ್ಟವರು. ನಾನು ಎರಡೂ ಆಗಿದ್ದೇನೆ. ಮೊದಲು ಬಿಟ್ಟೆ, ಆಮೇಲೆ ಹಿಡಿದೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಎರಡು ಕಡೆಯ ಮಾತೂ ಇದೆ. ಆದರೆ ತಕ್ಕಡಿ ಸಮ ಹಿಡಿದಿದ್ದೇನೆ ಅಂತ ಹೇಳಲ್ಲ.

ಕಥೆ ಏನು? ಚಿಕ್ಕದಾಗಿ ಹೇಳಿ.

1949ರಲ್ಲಿ ಅಮೆರಿಕದ ಇ. ಪಿ. ಡಟನ್ ಪ್ರಕಾಶನದಿಂದ ಬಂದ ಇಂಗ್ಲಿಷ್ ಕಾದಂಬರಿ ಇದು. ಬರೆದವರು ಜಾನ್ ಮೈಯರ್ಸ್ ಮೈಯರ್ಸ್. ಮೈಯರ್ಸ್ ಎರಡು ಸಲ ಇದೆ, ಅಚ್ಚಿನ ತಪ್ಪಲ್ಲ.

ಷಿಕಾಗೋದ ಎ. ಕ್ಲಾರೆನ್ಸ್ ಶ್ಯಾಂಡನ್ ಪ್ರಯಾಣ ಮಾಡುತ್ತಿದ್ದ ಹಡಗು ಮುಳುಗುತ್ತದೆ. ಅಲೆಯ ಮೇಲೆ ತೇಲುತ್ತಿದ್ದವನಿಗೆ ಗೋಲಿಯಾಸ್ ಎಂಬ ಹಾಡುಗಾರ ಸಿಗುತ್ತಾನೆ. ಇಬ್ಬರೂ ಕಾಮನ್‌ವೆಲ್ತ್ ಎಂಬ ದೇಶದ ದಡ ಸೇರುತ್ತಾರೆ. ಆ ದೇಶದ ಪ್ರಜೆಗಳೆಲ್ಲ ಪುರಾಣ, ಕಾವ್ಯ, ಜನಪದ ಕಥೆ, ಹಳೆಯ ಕಾದಂಬರಿಗಳಿಂದ ಬಂದವರು. ಗ್ರೀಕ್ ಪುರಾಣದ ಮಾಟಗಾತಿ ಸರ್ಸಿ ಇದ್ದಾಳೆ. ಅವಳ ಕೈಗೆ ಸಿಕ್ಕಿ ನಮ್ಮ ಶ್ಯಾಂಡನ್ ಹಂದಿಯೂ ಆಗುತ್ತಾನೆ. ಉತ್ತರ ಯುರೋಪಿನ ಕಡಲ ದಾಳಿಕಾರರಾದ ವೈಕಿಂಗರ ಹಡಗು ಇದೆ, ರಾಬಿನ್ ಹುಡ್ ಇದ್ದಾನೆ, ಡಾನ್ ಕ್ವಿಕ್ಸಾಟ್ ಇದ್ದಾನೆ, ಕೊನೆಗೆ ಇಟಲಿಯ ಕವಿ ಡಾಂಟೆಯ ನರಕವೂ ಇದೆ. ಶ್ಯಾಂಡನ್ ಓದಿರುವುದು ವ್ಯಾಪಾರ ಆಡಳಿತ. ಕಥೆ, ಕಾವ್ಯದ ಗಾಳಿ ಸೋಕಿದವನಲ್ಲ. ಹಾಗಾಗಿ ಇವರು ಯಾರೂ ಅವನಿಗೆ ಗೊತ್ತಿಲ್ಲ. ಇಡೀ ಪುಸ್ತಕ ನಿಂತಿರುವುದೇ ಈ ಒಂದು ಉಪಾಯದ ಮೇಲೆ.

'ಸಿಲ್ವರ್‌ಲಾಕ್' ಅಂದರೆ ಯಾರು?

ಶ್ಯಾಂಡನ್‌ನೇ. ಅವನ ತಲೆಯಲ್ಲಿ ಒಂದು ಪಟ್ಟೆ ಬಿಳಿಗೂದಲಿದೆ. ಅದನ್ನು ನೋಡಿ ಬಂದ ಅಡ್ಡಹೆಸರು.

ಹಳೆಯ ಪುರಾಣ, ಸಾಹಿತ್ಯ ಓದಿಲ್ಲದಿದ್ದರೆ ಅರ್ಥ ಆಗುತ್ತಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಇದಕ್ಕೆ ಸಿಗುವ ಉತ್ತರಗಳಲ್ಲಿ ಅರ್ಧಕ್ಕರ್ಧ ಹೆದರಿಸುವಂಥವು. "ಹೋಮರ್ ಓದಿಕೊಂಡು ಬಾ, ಹಳೆಯ ಇಂಗ್ಲಿಷ್ ಕಾವ್ಯ ಬಿಯೋವುಲ್ಫ್ ಮುಗಿಸು, ಡಾಂಟೆ ನೋಡು, ಆಮೇಲೆ ಇದಕ್ಕೆ ಕೈ ಹಾಕು" ಅನ್ನುವವರು ಇದ್ದಾರೆ. ಆ ಮಾತು ಕೇಳಬೇಡಿ.

ಒಂದು ಕಲ್ಪನೆ ಮಾಡಿ ನೋಡೋಣ. ಕಥೆಯೇ ಗೊತ್ತಿಲ್ಲದ ಒಬ್ಬ ದಾರಿ ತಪ್ಪಿ ಯಾವುದೋ ಸೀಮೆಗೆ ಬರುತ್ತಾನೆ. ಒಂದು ಹಸು ಹುಲಿಯ ಮುಂದೆ ನಿಂತು, ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಮಾತು ಕೊಡುತ್ತಿದೆ. ಇವನು ಬೆಚ್ಚಿ ಓಡುತ್ತಾನೆ. ಮುಂದೆ ನೋಡಿದರೆ ಒಬ್ಬ ರಾಜಕುಮಾರ ರಥದಿಂದ ಧುಮುಕಿ ಪರಾರಿಯಾಗುತ್ತಿದ್ದಾನೆ. ಜಡೆ ಹಾರಿಸಿಕೊಂಡು ಸಾರಥಿ ಅವನ ಬೆನ್ನಟ್ಟಿದ್ದಾನೆ. ಬಾಡಿಗೆ ಕೊಡದೆ ಓಡುತ್ತಿದ್ದಾನೇನೋ ಅಂತ ಇವನ ಲೆಕ್ಕ. ನಮಗೆ ಪುಣ್ಯಕೋಟಿಯೂ ಗೊತ್ತು, ಉತ್ತರಕುಮಾರನೂ ಗೊತ್ತು, ಬೃಹನ್ನಳೆಯೂ ಗೊತ್ತು. ಹಾಗಾಗಿ ನಗು ಬರುತ್ತದೆ. ಆದರೆ ಗೊತ್ತಿಲ್ಲದವರಿಗೂ ಹಸು ಮತ್ತು ಹುಲಿಯ ಮಾತುಕತೆ ಕುತೂಹಲ ಹುಟ್ಟಿಸುತ್ತದೆ ಅಲ್ವಾ? ಓಡುವ ರಾಜಕುಮಾರ ನಗಿಸುತ್ತಾನೆ ಅಲ್ವಾ?

ಸಿಲ್ವರ್‌ಲಾಕ್ ಕೆಲಸ ಮಾಡುವುದು ಹೀಗೇ. ಗುರುತು ಸಿಕ್ಕರೆ ಒಂದು ಖುಷಿ. ಸಿಗದಿದ್ದರೆ ಶ್ಯಾಂಡನ್ ಪಕ್ಕದಲ್ಲಿ ನೀವೂ ಕಣ್ಣು ಬಿಟ್ಟುಕೊಂಡು ನಡೆಯುತ್ತೀರಿ. ಅವನಿಗೂ ಏನೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಲೇಖಕರು ಬೇಕೆಂದೇ ಅಂಥವನನ್ನು ನಾಯಕ ಮಾಡಿದ್ದಾರೆ ಅನ್ನುವುದು ನನ್ನ ಅನಿಸಿಕೆ.

ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಹೊಸ ಪಾತ್ರ ಬಂದ ಕೂಡಲೇ ಪುಸ್ತಕ ಕೆಳಗಿಡುವುದು, ಮೊಬೈಲ್ ತೆಗೆಯುವುದು, ಹುಡುಕುವುದು, ಬರೆದುಕೊಳ್ಳುವುದು. ಮುಳುಗಿದ ಹಡಗಿನ ಹೆಸರು ನಾಗಲ್‌ಫಾರ್. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ಅದು ಸತ್ತವರ ಉಗುರಿನಿಂದ ಕಟ್ಟಿದ, ಪ್ರಳಯದ ದಿನ ಹೊರಡುವ ಹಡಗು. ಆಹಾ ಅಂದುಕೊಂಡು ಬರೆದುಕೊಂಡೆ. ಆಮೇಲೆ ಸಮುದ್ರದಲ್ಲಿ ಒಂದು ಬಿಳಿ ತಿಮಿಂಗಿಲ. ಅದನ್ನೂ ಬರೆದುಕೊಂಡೆ. ಕೆಲವು ದಿನ ಕಳೆದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಪುಟ ಹೆಸರು ತುಂಬಿದ್ದವು. ಕಥೆ ಎಲ್ಲಿಗೆ ಬಂದಿದೆ ಅಂತ ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ಬೇಜಾರಾಗಿ ಬಿಟ್ಟೆ. ಎರಡನೇ ಸಲ ನೋಟ್‌ಬುಕ್ ಇಲ್ಲದೆ ಕೂತೆ. ನಾಲ್ಕು ದಿನದಲ್ಲಿ ಮುಗಿಯಿತು.

ಹಾಗಾದರೆ ಇಷ್ಟ ಪಡುವವರು, ಪಡದವರು ಯಾಕೆ ಇಷ್ಟು ದೂರ ದೂರ?

ಓದಿಕೊಂಡವರಿಗೆ ಹಿಡಿಸುತ್ತದೆ, ಓದದವರಿಗೆ ಹಿಡಿಸುವುದಿಲ್ಲ ಅಂತ ಹೆಚ್ಚಿನವರು ಸುಲಭವಾಗಿ ಹೇಳಿ ಮುಗಿಸುತ್ತಾರೆ. ನನಗೆ ಹಾಗನಿಸುವುದಿಲ್ಲ. ತುಂಬ ಓದಿಕೊಂಡವರೇ "ಇದೇನಿದು, ಕಂಡ ಕಂಡ ಪುಸ್ತಕದಿಂದ ಒಬ್ಬೊಬ್ಬರನ್ನು ಎಳೆದು ತಂದು ನಿಲ್ಲಿಸಿದ್ದಾರೆ" ಅಂತ ಮುಖ ಸಿಂಡರಿಸಿದ್ದನ್ನು ಕಂಡಿದ್ದೇನೆ. ಏನೂ ಓದದ ಹುಡುಗರು ಒಂದೇ ಉಸಿರಿಗೆ ಮುಗಿಸಿದ್ದನ್ನೂ ಕಂಡಿದ್ದೇನೆ.

ನಿಜವಾದ ಗೆರೆ ಇರುವುದು ಶ್ಯಾಂಡನ್ ಮೇಲೆ. ಮೊದಲ ನೂರು ಪುಟ ಅವನ ಜೊತೆ ಇರಲು ಆಗುತ್ತಾ, ಇಲ್ವಾ? ಅಷ್ಟೇ ಪ್ರಶ್ನೆ.

ಆ ನಾಯಕ ಯಾಕೆ ಅಷ್ಟು ಕಿರಿಕಿರಿ?

ಬದುಕುವ ಆಸೆ ಇದ್ದಿದ್ದರೆ ಸತ್ತೇ ಹೋಗುತ್ತಿದ್ದೆ ಅನ್ನುವ ಅರ್ಥದ ಮಾತಿನಿಂದ ಅವನು ಕಥೆ ಶುರು ಮಾಡುತ್ತಾನೆ. ಅಲ್ಲೇ ಆಳು ಎಂಥವನು ಅಂತ ಗೊತ್ತಾಗುತ್ತದೆ. ಯಾರ ಮೇಲೂ ಮಮತೆಯಿಲ್ಲ, ತನ್ನ ಮೇಲೂ ಇಲ್ಲ. ಉಪಕಾರ ಮಾಡಿದವನಿಗೆ ನೆಟ್ಟಗೆ ಥ್ಯಾಂಕ್ಸ್ ಹೇಳಲ್ಲ. ಜಂಬ ಬೇರೆ. ಇಡೀ ಕಥೆ ಅವನ ಬಾಯಿಂದಲೇ ಬರುವುದರಿಂದ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಲೇಖಕರಿಗೆ ಇದು ಗೊತ್ತಿಲ್ಲದೆ ಆದದ್ದಲ್ಲ. ಅವನು ಹಾಗಿದ್ದರೆ ತಾನೇ ಬದಲಾಗಲು ಜಾಗ ಇರುವುದು? ಆದರೆ ಆ ಬದಲಾವಣೆ ತುಂಬ ನಿಧಾನ. ಯಾವ ಪುಟದಲ್ಲಿ ಆಯಿತು ಅಂತ ಬೆರಳಿಟ್ಟು ತೋರಿಸಲು ಆಗಲ್ಲ. ಜೊತೆಗಾರನಿಗಾಗಿ ಒಂದು ಕೆಲಸ ಮಾಡುತ್ತಾನೆ, ಆಮೇಲೆ ಇನ್ನೊಂದು. ಒಂದು ಕಡೆ ನಿಂತು ನೋಡಿದರೆ ಆಳು ಬೇರೆಯೇ ಆಗಿದ್ದಾನೆ. ನನಗೆ ಪುಸ್ತಕದಲ್ಲಿ ಅತಿ ಹಿಡಿಸಿದ್ದು ಇದು. ಅಲ್ಲಿಯವರೆಗೆ ತಾಳ್ಮೆ ಇರಲಿಲ್ಲ ಅನ್ನುವವರ ಮೇಲೂ ನನ್ನದೇನೂ ತಕರಾರಿಲ್ಲ. ಕೆಟ್ಟ ಮೂಡಿನವನ ಜೊತೆ ದೂರ ಪ್ರಯಾಣ ಯಾರಿಗೆ ಬೇಕು?

ಗೋಲಿಯಾಸ್ ಯಾವ ಪುಸ್ತಕದವನು?

ಒಂದೇ ಪುಸ್ತಕದವನಲ್ಲ. ಅವನ ಪೂರ್ತಿ ಹೆಸರಿನಲ್ಲಿ ವಿಡ್‌ಸಿತ್, ಅಮರ್ಗಿನ್, ಡೆಮೊಡೋಕಸ್, ಬೊಯಾನ್, ಟಾಲಿಯೆಸಿನ್ ಎಲ್ಲ ಇದ್ದಾರೆ. ಹಳೆಯ ಇಂಗ್ಲಿಷ್, ಐರಿಷ್, ಗ್ರೀಕ್, ರಷ್ಯನ್, ವೆಲ್ಷ್ ಪರಂಪರೆಗಳ ಹಾಡುಗಾರರೆಲ್ಲ ಸೇರಿ ಒಬ್ಬ ಆಳಾದರೆ ಹೇಗೋ ಹಾಗೆ. ಗೋಲಿಯಾಸ್ ಅನ್ನುವ ಹೆಸರು ಮಧ್ಯಯುಗದ ಯುರೋಪಿನಲ್ಲಿ ಊರೂರು ಅಲೆದು ಲ್ಯಾಟಿನ್‌ನಲ್ಲಿ ತುಂಟ ಪದ್ಯ ಕಟ್ಟುತ್ತಿದ್ದವರ ಹೆಸರಿಗೆ ಅಂಟಿಕೊಂಡದ್ದು.

ಇವನನ್ನು ಬೈದ ಓದುಗರು ನನಗಿನ್ನೂ ಸಿಕ್ಕಿಲ್ಲ. ಶ್ಯಾಂಡನ್‌ನ ಕಾಟ ತಡೆದುಕೊಂಡು ಓದಿದೆವು ಅನ್ನುವವರೆಲ್ಲ ತಡೆದುಕೊಂಡದ್ದು ಇವನ ದೆಸೆಯಿಂದ. ಕುಡಿಯುತ್ತಾನೆ, ಹಾಡುತ್ತಾನೆ, ಜಗಳಕ್ಕೂ ಸೈ. ಗೆಳೆಯನ ಕೆಲಸ ಅಂದರೆ ಎದ್ದೇ ಬಿಡುತ್ತಾನೆ.

ಇದು ಎರವಲು ಪಾತ್ರಗಳ ಮೆರವಣಿಗೆ ಅಷ್ಟೇ ಅಲ್ವಾ? ಸ್ವಂತದ್ದೇನಿದೆ?

ಈ ಆಕ್ಷೇಪಕ್ಕೆ ಬಲ ಇದೆ. ಕೆಲವು ಕಡೆ ನಿಜಕ್ಕೂ ಮೆರವಣಿಗೆಯೇ. ಒಬ್ಬರು ಬಂದರು, ಎರಡು ಮಾತಾಡಿದರು, ಹೋದರು. ಅವರಿಂದ ಕಥೆಗೆ ಏನೂ ಆಗಲಿಲ್ಲ. ಅಂಥ ಜಾಗಗಳಲ್ಲಿ ನಾನೂ ಪುಟ ಬೇಗ ಬೇಗ ತಿರುಗಿಸಿದ್ದೇನೆ.

ಆದರೆ ಎಲ್ಲರನ್ನೂ ಹಾಗೆ ತಂದಿಲ್ಲ. ಲೂಸಿಯಸ್ ಗಿಲ್ ಜೋನ್ಸ್ ಅಂತ ಒಬ್ಬನಿದ್ದಾನೆ. ರೋಮನ್ ಕಾಲದ ಕಥೆಯಲ್ಲಿ ಕತ್ತೆಯಾದ ಲೂಸಿಯಸ್, ಫ್ರೆಂಚ್ ಕಾದಂಬರಿಯ ಗಿಲ್ ಬ್ಲಾಸ್, ಇಂಗ್ಲಿಷಿನ ಟಾಮ್ ಜೋನ್ಸ್, ಮೂವರನ್ನೂ ಕಲಸಿ ಒಬ್ಬನನ್ನು ಮಾಡಿದ್ದಾರೆ. ರೋಸಲೆಟ್ ಎಂಬ ಹುಡುಗಿಯಲ್ಲಿ ಶೇಕ್ಸ್‌ಪಿಯರನ ರೊಸಾಲಿಂಡ್ ಇದ್ದಾಳೆ, ಹಳೆಯ ಫ್ರೆಂಚ್ ಪ್ರೇಮಕಥೆಯ ನಿಕೊಲೆಟ್ ಕೂಡ ಇದ್ದಾಳೆ. ಫೌಸ್ಟೊಫಿಲೀಸ್ ಹೆಸರು ಕೇಳಿದರೇ ಗೊತ್ತಾಗುತ್ತದೆ, ಆತ್ಮ ಮಾರಿಕೊಂಡ ಫೌಸ್ಟ್ ಮತ್ತು ಅದನ್ನು ಕೊಂಡ ಮೆಫಿಸ್ಟೊಫಿಲೀಸ್ ಒಂದೇ ಮೈಯಲ್ಲಿದ್ದಾರೆ. ಮಾರಿದವನು, ಕೊಂಡವನು ಇಬ್ಬರೂ ಒಬ್ಬನೇ! ಇದು ಎರವಲಲ್ಲ. ಹೀಗೆ ಕಲಸಬೇಕಾದರೆ ಆ ಕಥೆಗಳ ಒಳಗೆ ಓಡಾಡಿರಬೇಕು.

ನಡುನಡುವೆ ಹಾಡು, ಪದ್ಯ ಜಾಸ್ತಿ ಇದೆಯಂತೆ. ಹಾರಿಸಿ ಓದಿದರೆ ನಡೆಯುತ್ತಾ?

ನಡೆಯುತ್ತದೆ. ಆದರೆ ಒಂದನ್ನು ಮಾತ್ರ ಹಾರಿಸಬೇಡಿ.

ಬಿಯೋವುಲ್ಫ್ ಕಾವ್ಯದ ಹೆಯೊರೊಟ್ ಎಂಬ ರಾಜಸಭೆಗೆ ಗೋಲಿಯಾಸ್ ಹೋಗುತ್ತಾನೆ. ಹಾಡು ಎಂದು ಕೇಳಿದಾಗ ಆ ಕಾಲದ ವೀರರ ಕಥೆ ಹಾಡುತ್ತಾನೆ ಅಂತ ನಾವು ಕಾಯುತ್ತೇವೆ. ಅವನು ಎತ್ತಿಕೊಳ್ಳುವುದು 1836ರ ಅಲಾಮೊ ಕಾಳಗವನ್ನು. ಟೆಕ್ಸಾಸಿನ ಒಂದು ಸಣ್ಣ ಕೋಟೆಯನ್ನು ಮೆಕ್ಸಿಕೋದ ಸೈನ್ಯ ಮುತ್ತಿದ್ದು, ಒಳಗಿದ್ದವರು ಹೋರಾಡಿ ಸತ್ತದ್ದು, ಹೆಸರಾಂತ ಚಾಕುವಿನ ಜಿಮ್ ಬೊವಿ ಅಲ್ಲಿ ಮಡಿದದ್ದು. ಬಂದೂಕಿನ ಕಾಲದ ಈ ಕಥೆಯನ್ನು ಸಾವಿರ ವರ್ಷ ಹಿಂದಿನ ಇಂಗ್ಲಿಷ್ ಛಂದಸ್ಸಿನಲ್ಲಿ ಕಟ್ಟಿದ್ದಾರೆ. ಆ ಛಂದಸ್ಸಿನಲ್ಲಿ ಸಾಲು ಎರಡು ತುಂಡಾಗಿ ನಿಲ್ಲುತ್ತದೆ. ಒತ್ತಿ ಹೇಳುವ ಪದಗಳಲ್ಲಿ ಎರಡು ಮೂರು ಒಂದೇ ದನಿಯಲ್ಲಿ ಶುರುವಾಗಿ ಎರಡೂ ತುಂಡನ್ನು ಹೊಲಿಯುತ್ತವೆ. ನಮ್ಮ ಹಳಗನ್ನಡ ಪದ್ಯಗಳಲ್ಲಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಹಿಡಿದು ಹೋಗುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಜಾತಿಯ ಕಟ್ಟು. ಇವರದು ಒಂದೇ ಸಾಲಿನೊಳಗೆ ಪದಗಳ ಮೊದಲ ದನಿಗೆ, ನಮ್ಮದು ಸಾಲಿನಿಂದ ಸಾಲಿಗೆ ಎರಡನೇ ಅಕ್ಷರಕ್ಕೆ, ಅದು ವ್ಯತ್ಯಾಸ. ಬೊವಿಗೆ ಅಲ್ಲಿ 'ಗಿಝರ್ಡ್ಸ್‌ಬೇನ್' ಅಂತ ಬಿರುದು. ಸುಮಾರಾಗಿ 'ಕರುಳಿಗೆ ಕಂಟಕ' ಅನ್ನಬಹುದು. ಓದಿದರೆ ನಗುವೂ ಬರುತ್ತದೆ, ರೋಮವೂ ನಿಲ್ಲುತ್ತದೆ.

ಇದನ್ನು ಮನಸ್ಸಿನಲ್ಲೇ ಓದಬೇಡಿ. ಬಾಗಿಲು ಹಾಕಿಕೊಂಡು ಜೋರಾಗಿ ಓದಿ. ಕಣ್ಣಿಗೆ ಗೋಜಲು ಅನಿಸಿದ ಸಾಲು ಬಾಯಿಗೆ ಬಂದಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷ್ ಫ್ಯಾಂಟಸಿ ಅಭಿಮಾನಿಗಳು ಈ ಪುಸ್ತಕದ ಹಾಡುಗಳಿಗೆ ರಾಗ ಹಾಕಿ, ಕೂಟಗಳಲ್ಲಿ ಹಾಡಿಕೊಂಡು ಬಂದಿದ್ದಾರೆ. ಅಂಥ ಹಾಡಿಕೆಗೆ ಅವರಲ್ಲಿ 'ಫಿಲ್ಕ್' ಅಂತ ಹೆಸರು.

ಹೆಂಗಸರ ಪಾತ್ರಗಳ ಬಗ್ಗೆ ದೂರು ಕೇಳಿದ್ದೇನೆ. ನಿಜನಾ?

ನಿಜ. ಸರ್ಸಿ, ರೋಸಲೆಟ್ ಹೀಗೆ ಹೆಣ್ಣುಗಳು ಇದ್ದಾರೆ. ಆದರೆ ಹೆಚ್ಚಿನವರು ಬರುವುದು ಗಂಡಸರ ದಾರಿಗೆ ಅಡ್ಡವಾಗಿ, ಇಲ್ಲವೇ ದಾರಿಯ ಕೊನೆಗೆ ಬಹುಮಾನವಾಗಿ. ಶ್ಯಾಂಡನ್ ಅವರನ್ನು ನೋಡುವ ರೀತಿ ಇವತ್ತಿನ ಓದುಗರಿಗೆ ಇರಿಸುಮುರಿಸು ಮಾಡುತ್ತದೆ. "ಆ ಕಾಲವೇ ಹಾಗೆ" ಅಂತ ಕೆಲವರು ವಾದಿಸುತ್ತಾರೆ. ನಾನು ಆ ವಾದ ಒಪ್ಪಲ್ಲ. ಲೇಖಕರು ಸಾಲ ತಂದ ಹಳೆಯ ಕಥೆಗಳಲ್ಲೇ ಈ ಹೆಣ್ಣುಗಳು ಇನ್ನೂ ಗಟ್ಟಿಯಾಗಿದ್ದರು. ಹೋಮರನ ಸರ್ಸಿಯನ್ನೇ ತಗೊಳ್ಳಿ. ಹಂದಿ ಮಾಡುವುದರ ಜೊತೆಗೆ ಮುಂದಿನ ದಾರಿ ಹೇಳಿಕೊಡುವವಳೂ ಅವಳೇ. ಇಲ್ಲಿ ಅಷ್ಟು ತೂಕ ಉಳಿದಿಲ್ಲ.

ಈ ಕಾರಣಕ್ಕೇ ಪುಸ್ತಕ ಕೆಳಗಿಟ್ಟವರಿದ್ದಾರೆ. ಅವರನ್ನು ಒಲಿಸಲು ನನ್ನ ಹತ್ತಿರ ಮಾತಿಲ್ಲ.

ಮಕ್ಕಳಿಗೆ ಕೊಡಬಹುದಾ?

ಚಿಕ್ಕವರಿಗೆ ಬೇಡ. ಕುಡಿತ, ಕೊಲೆ, ಹಾಸಿಗೆ ಎಲ್ಲ ಇದೆ. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಧಾರಾಳವಾಗಿ ಕೊಡಿ.

ಇಂಗ್ಲಿಷ್ ಕಷ್ಟನಾ?

ಗದ್ಯ ಸಲೀಸು. ಶ್ಯಾಂಡನ್ ಮಾತಾಡುವುದು 1940ರ ದಶಕದ ಅಮೆರಿಕನ್ ವ್ಯಾಪಾರಸ್ಥನ ಭಾಷೆ, ಒರಟು, ನೇರ. ಅವನ ಸುತ್ತ ಇರುವವರು ಮಾತ್ರ ಅವರವರ ಕಾಲದ ಧಾಟಿ ಹಿಡಿಯುತ್ತಾರೆ. ಮಧ್ಯಯುಗದ ಕುದುರೆ ಸವಾರ ವೀರ ಬಂದರೆ ಅವನ ಥರ, ವೈಕಿಂಗ್ ಬಂದರೆ ವೈಕಿಂಗ್ ಥರ. ಅಲ್ಲಿ ಸ್ವಲ್ಪ ನಿಧಾನಿಸಬೇಕಾಗುತ್ತದೆ.

ಮೊದಲ ಭಾಗ ಮಜವಾಗಿತ್ತು, ಕೊನೆಗೆ ಬಂದಾಗ ಯಾಕೆ ಇಷ್ಟು ಮಂಕು?

ಕಥೆಯ ಗುಟ್ಟು ಬೇಡ ಅನ್ನುವವರು ಈ ಉತ್ತರ ದಾಟಿ ಮುಂದೆ ಹೋಗಿ.

ಮೊದಲೆಲ್ಲ ಗಾಳಿ ಬಂದ ಕಡೆ ತೂರಿಕೊಂಡ ಹಾಗೆ ಕಥೆ ಓಡುತ್ತದೆ. ಬ್ರೋಡಿರ್ ಎಂಬ ವೈಕಿಂಗ್ ನಾಯಕನ ಹಡಗಿನಲ್ಲಿ ಹುಟ್ಟು ಹಾಕಿಕೊಂಡು ಹೋಗಿ, 1014ರಲ್ಲಿ ಐರ್ಲೆಂಡಿನಲ್ಲಿ ನಡೆದ ಕ್ಲೊಂಟಾರ್ಫ್ ಕಾಳಗದೊಳಗೆ ಬೀಳುವುದು ಆ ಭಾಗದಲ್ಲೇ. ನಡುವೆ ಲೂಸಿಯಸ್‌ನ ಕೆಲಸ ಸಾಧಿಸಲು ಗೆಳೆಯರು ಓಡಾಡುವ ಭಾಗ. ಕೊನೆಯಲ್ಲಿ ಶ್ಯಾಂಡನ್ ಒಂದು ಬುಗ್ಗೆ ಹುಡುಕಿಕೊಂಡು ಹೊರಡಬೇಕು. ಆಗ ಪಕ್ಕದಲ್ಲಿ ಗೋಲಿಯಾಸ್ ಇರುವುದಿಲ್ಲ, ಫೌಸ್ಟೊಫಿಲೀಸ್ ಇರುತ್ತಾನೆ. ಎಲ್ಲದರಲ್ಲೂ ಹುಳುಕು ತೋರಿಸುತ್ತಾ, ಬದುಕೇ ದಂಡ ಅನ್ನಿಸುತ್ತಾ ಅವನು ಶ್ಯಾಂಡನ್‌ನನ್ನು ಪಾತಾಳಕ್ಕೆ ಇಳಿಸುತ್ತಾನೆ. ಕಷ್ಟದ ಮೇಲೆ ಕಷ್ಟ ಕಂಡ ಬೈಬಲ್ಲಿನ ಯೋಬನೂ ದಾರಿಯಲ್ಲಿ ಸಿಗುತ್ತಾನೆ.

ಮಜಾ ಹುಡುಕಿ ಬಂದವರಿಗೆ ಇಲ್ಲಿ ಬೇಸರ ಆಗುವುದು ಸಹಜ. ಮೊದಲ ಸಲ ಪೂರ್ತಿ ಓದಿದಾಗ ನನಗೂ ಹಾಗೇ ಆಯಿತು. ಆಮೇಲೆ ಮತ್ತೊಮ್ಮೆ ಓದಿದಾಗ ಬೇರೆ ಏನೋ ಕಂಡಿತು. ಫೌಸ್ಟೊಫಿಲೀಸ್ ಆಡುವ ಮಾತುಗಳೆಲ್ಲ ಮೊದಲ ಪುಟದ ಶ್ಯಾಂಡನ್‌ನ ಮಾತುಗಳೇ. ಏನಾದರೇನು, ಯಾರಾದರೇನು ಅನ್ನುವ ಅದೇ ರಾಗ. ಈಗ ಅದನ್ನು ಬೇರೆಯವನ ಬಾಯಲ್ಲಿ ಕೇಳಿ ಶ್ಯಾಂಡನ್‌ಗೇ ಮೈ ಉರಿಯುತ್ತದೆ.

ಬುಗ್ಗೆಯ ಹೆಸರು ಹಿಪೊಕ್ರೀನ್, ಅಂದರೆ ಕುದುರೆಯ ಚಿಲುಮೆ. ರೆಕ್ಕೆಯ ಕುದುರೆ ಪೆಗಸಸ್ ಗೊರಸಿನಿಂದ ಒದ್ದಾಗ ಚಿಮ್ಮಿದ್ದು, ಅದರ ನೀರು ಕುಡಿದರೆ ಕವಿತೆ ಒಲಿಯುತ್ತದೆ ಅಂತ ಗ್ರೀಕರ ನಂಬಿಕೆ. ಕುಡಿಯುತ್ತಾನಾ, ಎಷ್ಟು ಕುಡಿಯುತ್ತಾನೆ ಅನ್ನುವುದು ನೀವೇ ಓದಿ.

ಲೇಖಕರು ಇನ್ನೇನು ಬರೆದಿದ್ದಾರೆ?

1906ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡರು. ಅಮೆರಿಕದ ಪಶ್ಚಿಮ ಸೀಮೆಯ ಇತಿಹಾಸ ಅವರಿಗೆ ಅಚ್ಚುಮೆಚ್ಚು. ಅಲಾಮೊ ಕಾಳಗದ ಮೇಲೇ ಅವರದೊಂದು ಇತಿಹಾಸದ ಪುಸ್ತಕ 1948ರಲ್ಲಿ ಬಂದಿತ್ತು. ಮರುವರ್ಷ ಸಿಲ್ವರ್‌ಲಾಕ್. ಗೋಲಿಯಾಸ್ ಹೆಯೊರೊಟ್‌ನಲ್ಲಿ ಯಾಕೆ ಅಲಾಮೊ ಹಾಡಿದ ಅಂತ ಈಗ ಗೊತ್ತಾಯಿತಲ್ಲ. ಬರಹಗಾರರ ಮೇಜಿನ ಮೇಲೆ ಆ ಟಿಪ್ಪಣಿಗಳು ಇನ್ನೂ ಹಾಗೇ ಬಿದ್ದಿದ್ದವೇನೋ!

1949ರ ಪುಸ್ತಕವನ್ನು ಇಷ್ಟು ಜನ ಈಗಲೂ ಯಾಕೆ ಮಾತಾಡುತ್ತಾರೆ?

ಏಸ್ ಎಂಬ ಪ್ರಕಾಶನ 1966ರಲ್ಲಿ ಅಗ್ಗದ ಪೇಪರ್‌ಬ್ಯಾಕ್ ತಂದಿತು. 1979ರಲ್ಲಿ ಮತ್ತೆ ತಂದಾಗ ಪೌಲ್ ಆಂಡರ್ಸನ್, ಲ್ಯಾರಿ ನಿವೆನ್, ಜೆರ್ರಿ ಪೂರ್ನೆಲ್ ಎಂಬ ಮೂವರು ವಿಜ್ಞಾನ ಕಥೆಗಾರರು ಮುನ್ನುಡಿ ಬರೆದರು. ಒಂದೇ ಕಾದಂಬರಿಗೆ ಮೂರು ಮುನ್ನುಡಿ! ಮದುವೆ ಮನೆಯಲ್ಲಿ ಹುಡುಗನ ಕಡೆಯವರು ಹೊಗಳಿದ ಹಾಗಿದೆ. ಓದಿದರೆ ನಿರೀಕ್ಷೆ ಆಕಾಶಕ್ಕೇರುತ್ತದೆ. ಅವನ್ನು ಕೊನೆಗೆ ಇಟ್ಟುಕೊಳ್ಳಿ. "ಅಷ್ಟೇನಾ?" ಅಂತ ನಿರಾಸೆಯಾದವರಲ್ಲಿ ಕೆಲವರಿಗಾದರೂ ಅದು ಮುನ್ನುಡಿಗಳಿಂದ ಬಂದ ನಿರಾಸೆ ಅಂತ ನನ್ನ ಗುಮಾನಿ.

ಯಾರು ಯಾವ ಕಥೆಯಿಂದ ಬಂದವರು ಅಂತ ತಿಳಿಸುವ ಕೈಪಿಡಿ ಇದೆಯಾ?

ಇದೆ. ಫ್ರೆಡ್ ಲರ್ನರ್ ಸಂಪಾದಿಸಿದ 'ಎ ಸಿಲ್ವರ್‌ಲಾಕ್ ಕಂಪ್ಯಾನಿಯನ್' 1988ರಲ್ಲಿ ಬಂತು. 2004ರ ನೆಸ್ಫಾ ಪ್ರೆಸ್ ಆವೃತ್ತಿಯಲ್ಲಿ ಕಾದಂಬರಿ, ಕಂಪ್ಯಾನಿಯನ್ ಎರಡೂ ಒಂದೇ ರಟ್ಟಿನೊಳಗೆ ಇವೆ. ಸಿಕ್ಕರೆ ಅದನ್ನೇ ತಗೊಳ್ಳಿ. ಆದರೆ ಮೊದಲ ಓದು ಮುಗಿಯುವವರೆಗೆ ಹಿಂದಿನ ಪುಟಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಬಿಡಿ.

ಮುಂದಿನ ಭಾಗ ಇದೆಯಾ?

'ದ ಮೂನ್ಸ್ ಫೈರ್-ಈಟಿಂಗ್ ಡಾಟರ್' ಎಂಬುದು 1981ರಲ್ಲಿ ಬಂತು. ಅದನ್ನು ಮುಂದಿನ ಭಾಗ ಅನ್ನುವವರಿದ್ದಾರೆ. ಸಾಹಿತ್ಯ ಲೋಕದ ಒಳಗೆ ಸುತ್ತಾಟ ಅನ್ನುವುದಷ್ಟೇ ಹೋಲಿಕೆ. ಶ್ಯಾಂಡನ್ ಕಥೆ ಇದರಲ್ಲೇ ಮುಗಿಯುತ್ತದೆ.

ಅರ್ಧಕ್ಕೆ ಬಿಟ್ಟಿದ್ದೇನೆ. ಮತ್ತೆ ಎಲ್ಲಿಂದ ಹಿಡಿಯಲಿ?

ಮೊದಲಿನಿಂದ ಬೇಡ. ಹೆಯೊರೊಟ್ ಭಾಗಕ್ಕೆ ನೇರ ಹೋಗಿ. ಆ ಹಾಡು ಹಿಡಿಸಿದರೆ ಮುಂದುವರಿಯಿರಿ. ಅದೂ ಹಿಡಿಸದಿದ್ದರೆ ಈ ಪುಸ್ತಕ ನಿಮ್ಮದಲ್ಲ, ಬೇರೆಯವರಿಗೆ ಕೊಟ್ಟುಬಿಡಿ.

ನೀವು ನೋಟ್‌ಬುಕ್ಕಿನಲ್ಲಿ ಬರೆದ ಆ ಪಟ್ಟಿ ಕಳಿಸುತ್ತೀರಾ?

ಕಳಿಸಲ್ಲ. ಒಂದನೇ ಕಾರಣ, ಮೇಲೆ ಇಷ್ಟು ಹೊತ್ತು ಹೇಳಿದ್ದು ಅದೇ ತಾನೇ. ಎರಡನೇದು, ಆಮೇಲೆ ಕಂಪ್ಯಾನಿಯನ್ ಜೊತೆ ಇಟ್ಟು ನೋಡಿದಾಗ ನನ್ನ ಪಟ್ಟಿಯಲ್ಲಿ ಅರ್ಧ ತಪ್ಪಿತ್ತು. ಯಾರೋ ಹಾದಿಹೋಕನನ್ನು ದೊಡ್ಡ ದೇವತೆ ಅಂದುಕೊಂಡು, ಅವನ ಬಗ್ಗೆಯೇ ಒಂದು ಪುಟ ಬರೆದಿಟ್ಟಿದ್ದೆ.